ಬೆಟ್ಟ ಏಳೋದು ಬೇರೆ, ಬರೆ ಕುಸಿಯೋದು ಬೇರೆ: ಕೊಡಗಿನ ನೆಲ, ಮತ್ತೆ ಬಿ.ಪಿ. ರಾಧಾಕೃಷ್ಣ ಹೇಳಿದ್ದ ಮಾತು

ಜೂನ್ ಬಂತು, ಮಳೆ ಹಿಡೀತು ಅಂದ್ರೆ ಕೊಡಗಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಎರಡು ಥರದ ಮೆಸೇಜ್ ಓಡಾಡೋಕೆ ಶುರು ಆಗತ್ತೆ. ಒಂದರಲ್ಲಿ ನಮ್ಮ ಬೆಟ್ಟಗಳು ಹಿಮಾಲಯಕ್ಕಿಂತ ಎಷ್ಟೋ ಹಳೇವು, ಪ್ರಪಂಚದಲ್ಲೇ ಗಟ್ಟಿ ಕಲ್ಲು, ಇದಕ್ಕೇನೂ ಆಗಲ್ಲ ಅಂತಿರತ್ತೆ. ಇನ್ನೊಂದರಲ್ಲಿ ಪೂರ್ತಿ ಉಲ್ಟಾ, ಪಶ್ಚಿಮಘಟ್ಟ ಇನ್ನೂ ಮೇಲಕ್ಕೆ ಏಳ್ತಾ ಇದೆ, ಒಳಗೆಲ್ಲ ಬಿರುಕು ಬಿಟ್ಟಿದೆ, 2018ರಲ್ಲಿ ಬೆಟ್ಟ, ಬರೆ (ಇಳಿಜಾರಿನ ಮಣ್ಣಿನ ಗೋಡೆ) ಕುಸಿದಿದ್ದೂ ಅದಕ್ಕೇ, ಮುಂದೆ ಕುಸಿಯೋದೂ ಅದಕ್ಕೇ, ಮನುಷ್ಯನ ಕೈಲಿ ಏನಿದೆ ಅಂತ. ಎರಡಕ್ಕೂ ಕೆಳಗೆ ‘ವಿಜ್ಞಾನಿಗಳು ಹೇಳಿದ್ದಾರೆ’ ಅಂತ ಒಂದು ಸಾಲು ಇದ್ದೇ ಇರತ್ತೆ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರು, ಅದಾಗಿ ಎರಡು ವಾರಕ್ಕೆ ಜುಲೈ 30ಕ್ಕೆ ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಭೂಕುಸಿತ ಆದಮೇಲಂತೂ ಈ ಗೊಂದಲ ಇನ್ನೂ ಜಾಸ್ತಿ ಆಗಿದೆ.

ತಮಾಷೆ ಏನಂದ್ರೆ ಎರಡೂ ಮೆಸೇಜಲ್ಲಿ ಒಂದೊಂದು ಚೂರು ನಿಜ ಇದೆ. ಬೆಟ್ಟ ‘ಎದ್ದಿದೆ’ ಅನ್ನೋ ಮಾತು ಹುಟ್ಟಿದ್ದು ಗಾಳಿಯಲ್ಲಲ್ಲ, ಬೆಂಗಳೂರಿನ ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ನಲವತ್ತು ವರ್ಷಕ್ಕೂ ಮೇಲೆ ಹಿಡಿದು ಜಗ್ಗಿದ ವಾದ ಅದು. ಆದ್ರೆ ಅವರು ಮಾತಾಡಿದ್ದು ಯಾವ ಕಾಲದ ಬಗ್ಗೆ, ನಾವು ಅದನ್ನ ತಂದು ಅಂಟಿಸ್ತಿರೋದು ಯಾವ ಕಾಲಕ್ಕೆ ಅನ್ನೋದ್ರಲ್ಲೇ ಎಡವಟ್ಟು ಆಗಿರೋದು.

ಕಲ್ಲಿನ ವಯಸ್ಸು, ಬೆಟ್ಟದ ವಯಸ್ಸು

ಹಳೇ ಐನ್‌ಮನೆ ಬಿಚ್ಚಿದಾಗ ಸಿಕ್ಕ ಬೀಟೆ ಮರದಲ್ಲಿ ಹೊಸ ಮನೆಗೆ ಬಾಗಿಲು ಮಾಡಿಸಿದ್ರೆ ಮರ ನೂರೈವತ್ತು ವರ್ಷದ್ದು, ಮನೆ ಮೊನ್ನೆ ಮೊನ್ನೆ ಒಕ್ಕಲಾಗಿದ್ದು. ಮರದ ವಯಸ್ಸು ತೋರ್ಸಿ ಮನೆ ನೂರೈವತ್ತು ವರ್ಷದ್ದು ಅಂತ ಯಾರೂ ಹೇಳಲ್ಲ. ಬೆಟ್ಟದ ವಿಷಯದಲ್ಲಿ ಮಾತ್ರ ನಾವು ಸಲೀಸಾಗಿ ಹಾಗೇ ಹೇಳಿಬಿಡ್ತೀವಿ.

ಕೊಡಗಿನ ಕಲ್ಲು ಹಳೇದು ಅನ್ನೋದು ಖಂಡಿತ ನಿಜ. ಇಲ್ಲಿ ಜಾಸ್ತಿ ಸಿಗೋದು ಚಾರ್ನೊಕೈಟ್ ಅನ್ನೋ ಕಪ್ಪು-ಹಸಿರು ಛಾಯೆಯ ಬಂಡೆ, ನೆಲದ ತುಂಬಾ ಆಳದಲ್ಲಿ ಭಾರಿ ಬಿಸಿಗೆ ಬೆಂದು ಆಗಿರೋದು. ಹೆಸರಿನ ಕತೆಯೂ ಮಜವಾಗಿದೆ: ಕಲ್ಕತ್ತದಲ್ಲಿರೋ ಜಾಬ್ ಚಾರ್ನಾಕ್ ಅನ್ನೋ ಇಂಗ್ಲಿಷ್ ವ್ಯಾಪಾರಿಯ ಗೋರಿಕಲ್ಲು ಇದೇ ಜಾತಿಯದ್ದು, ಅದನ್ನ ನೋಡಿ ಥಾಮಸ್ ಹಾಲೆಂಡ್ ಅನ್ನೋ ಭೂವಿಜ್ಞಾನಿ 1893ರಲ್ಲಿ ಈ ಹೆಸರಿಟ್ರು. ಕೊಡಗಿನ ಈ ಕಲ್ಲುಗಳ ವಯಸ್ಸು ಅಳೆದಾಗ ಸಿಕ್ಕಿದ್ದು 310ರಿಂದ 350 ಕೋಟಿ ವರ್ಷ. ಕಳೆದ ಹತ್ತು ವರ್ಷದಿಂದೀಚೆಗಿನ ಸಂಶೋಧನೆಗಳಲ್ಲಿ ಇದಕ್ಕೆ ‘ಕೂರ್ಗ್ ಬ್ಲಾಕ್’ ಅಂತಾನೇ ಹೆಸರು. ಅಂದ್ರೆ ಕೊಡಗು ಒಂದು ಕಾಲಕ್ಕೆ ಬೇರೇನೇ ಒಂದು ಪುಟ್ಟ ಖಂಡದ ತುಂಡಾಗಿತ್ತು, ಸುಮಾರು 300 ಕೋಟಿ ವರ್ಷದ ಹಿಂದೆ ಬಂದು ಮೈಸೂರು ಕಡೆಯ ಧಾರವಾಡ ಶಿಲಾಖಂಡಕ್ಕೆ ಅಂಟಿಕೊಳ್ತು ಅಂತ ಈಗ ಹಲವರು ವಾದಿಸ್ತಾರೆ. ಅಂಟಿಕೊಂಡ ಹೊಲಿಗೆ ಇದ್ಯಲ್ಲ, ಅದನ್ನ ಪುಸ್ತಕಗಳಲ್ಲಿ ‘ಮರ್ಕರಾ ಶಿಯರ್ ಝೋನ್’ ಅಂತಾರೆ, ನಮ್ಮ ಮಡಿಕೇರಿಯ ಹಳೇ ಇಂಗ್ಲಿಷ್ ಹೆಸರೇ ಅದು. ಕೊಡಗು ಬೇರೆ ರಾಜ್ಯ ಆಗ್ಬೇಕು ಅನ್ನೋರು ಯಾಕೋ ಇದನ್ನ ಇನ್ನೂ ಬಳಸ್ಕೊಂಡಿಲ್ಲ.

ಇಲ್ಲೇ ಮೊದಲ ತಪ್ಪು ಕಲ್ಪನೆ ಹುಟ್ಟೋದು. ಶಿಯರ್ ಝೋನ್ ಅಂದ ತಕ್ಷಣ ‘ಮಡಿಕೇರಿ ಕೆಳಗೆ ಬಿರುಕಿದೆ’ ಅಂತ ಹೆದರ್ತಾರೆ. ಅದು 300 ಕೋಟಿ ವರ್ಷದ ಹಿಂದಿನ ಗಾಯ, ಆಗಲೇ ಬೆಸೆದುಹೋಗಿ ಗಟ್ಟಿಯಾಗಿರೋದು. ಹಳೇ ಹೊಲಿಗೆ ಇರೋ ಕಡೆ ಕಲ್ಲು ಸ್ವಲ್ಪ ಪದರ ಪದರ ಆಗಿರತ್ತೆ, ನೀರು ಇಳಿಯೋಕೆ ದಾರಿ ಸಿಗತ್ತೆ, ಆ ಮಟ್ಟಿಗೆ ಅದು ಮುಖ್ಯ. ದಿನಾ ಬಾಯಿ ತೆರೀತಿರೋ ಬಿರುಕು ಅಲ್ಲ ಅದು.

ಸರಿ, ಕಲ್ಲು ಮುದುಕ. ಆ ಕಲ್ಲು 1,748 ಮೀಟರ್ ಎತ್ತರದ ತಡಿಯಂಡಮೋಳ್ ಆಗಿ, 1,712 ಮೀಟರಿನ ಪುಷ್ಪಗಿರಿ ಆಗಿ ನಿಂತಿದ್ದು ಯಾವಾಗ? ಜಗಳ ಇರೋದು ಇದ್ರಲ್ಲಿ.

ಯಾರು ಈ ರಾಧಾಕೃಷ್ಣ

ಬಿ.ಪಿ. ರಾಧಾಕೃಷ್ಣ ಹುಟ್ಟಿದ್ದು 1918ರಲ್ಲಿ, ಬೆಂಗಳೂರಲ್ಲಿ. ಓದಿದ್ದು ಸೆಂಟ್ರಲ್ ಕಾಲೇಜು. 1937ಕ್ಕೆ ಮೈಸೂರು ಭೂವಿಜ್ಞಾನ ಇಲಾಖೆ ಸೇರಿದ್ರು. ಸಂಸ್ಥಾನದ ಕಾಲದಲ್ಲಿ 1894ಕ್ಕೆ ಶುರುವಾದ ಇಲಾಖೆ ಅದು, ಆಗಿನ ದಿನದಲ್ಲಿ ಒಂದು ದೇಶೀ ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ಇಟ್ಕೊಂಡಿದ್ದೇ ದೊಡ್ಡ ವಿಷಯ. ರಾಮನಗರದ ಬಂಡೆಗಳಿದ್ಯಲ್ಲ, ಬ್ರಿಟಿಷರ ಕಾಲದಲ್ಲಿ ಊರಿನ ಹೆಸರು ಕ್ಲೋಸ್‌ಪೇಟೆ, ಅದಕ್ಕೇ ಆ ಕಲ್ಲಿಗೆ ಕ್ಲೋಸ್‌ಪೇಟ್ ಗ್ರಾನೈಟ್ ಅಂತಾರೆ, ಅದರ ಮೇಲೆ ಕೆಲಸ ಮಾಡಿ 1954ರಲ್ಲಿ ಡಾಕ್ಟರೇಟ್ ತಗೊಂಡ್ರು. 1965ರಿಂದ 1974ರವರೆಗೆ ಇಲಾಖೆಯ ಡೈರೆಕ್ಟರ್. ಹಟ್ಟಿ ಚಿನ್ನದ ಗಣಿ, ಅಂತರ್ಜಲ, ಎಲ್ಲದ್ರಲ್ಲೂ ಅವರ ಕೈ ಇತ್ತು. 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಕಟ್ಟಿದವರಲ್ಲಿ ಅವರೇ ಮುಂದು, ರಿಟೈರ್ ಆದಮೇಲೆ ದಶಕಗಟ್ಟಲೆ ಅದರ ಜರ್ನಲ್ ನಡೆಸಿದ್ರು. 1991ರಲ್ಲಿ ಪದ್ಮಶ್ರೀ. ತೀರಿಕೊಂಡಿದ್ದು 2012ರ ಜನವರಿ 26ಕ್ಕೆ.

ಇಷ್ಟೆಲ್ಲ ಇದ್ರೂ ಬೆಟ್ಟಗಳ ವಿಷಯಕ್ಕೆ ಬಂದ್ರೆ ಅವರ ಮುಖ್ಯ ಕೆಲಸ ಎರಡು ಕಡೆ ಇದೆ. 1952ರಲ್ಲಿ ಮೈಸೂರು ಪ್ರಸ್ಥಭೂಮಿ ಹೇಗೆ ರೂಪುಗೊಳ್ತು ಅಂತ ಬರೆದ ಪ್ರಬಂಧ, ಆಮೇಲೆ ಎಪ್ಪತ್ತೈದರ ವಯಸ್ಸಲ್ಲಿ, 1993ಕ್ಕೆ, ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ. (ಮೊದಲನೇದು ಬರೆದಾಗ ಕೊಡಗು ಮೈಸೂರಿಗೆ ಸೇರೇ ಇರ್ಲಿಲ್ಲ, ಬೇರೇನೇ ರಾಜ್ಯ ಆಗಿತ್ತು, ಸೇರಿದ್ದು 1956ರ ನವೆಂಬರ್ 1ಕ್ಕೆ. ಪ್ರಸ್ಥಭೂಮಿ ಮಾತ್ರ ಅವತ್ತೂ ಒಂದೇ.)

ಅವರು ಎದುರು ಹಾಕ್ಕೊಂಡಿದ್ದು ಆಗಿನ ಪಠ್ಯಪುಸ್ತಕದ ಮಾತನ್ನ. ದಕ್ಷಿಣ ಭಾರತ ಅಂದ್ರೆ ಪ್ರಾಚೀನ, ಸ್ಥಿರ, ಅಲ್ಲಾಡದೇ ಇರೋ ಗುರಾಣಿ, ಅಲ್ಲಿ ಕೋಟ್ಯಂತರ ವರ್ಷದಿಂದ ಮಳೆಗಾಳಿಗೆ ಸವೆಯೋದು ಬಿಟ್ಟು ಇನ್ನೇನೂ ನಡೆದಿಲ್ಲ ಅಂತ ಎಲ್ಲರೂ ಕಲೀತಿದ್ರು. ರಾಧಾಕೃಷ್ಣ ಕೇಳಿದ್ದು ಸರಳ ಪ್ರಶ್ನೆ. ಬರೀ ಸವೆದಿದ್ರೆ ಇಷ್ಟೊತ್ತಿಗೆ ಚಪ್ಪಟೆ ಆಗಿರಬೇಕಿತ್ತಲ್ಲ? ನದಿಗಳು ನಿಧಾನಕ್ಕೆ ಹರೀಬೇಕಿತ್ತಲ್ಲ? ಜೋಗದಲ್ಲಿ ಶರಾವತಿ 253 ಮೀಟರ್ ಧುಮುಕೋದು ಯಾಕೆ, ಶಿವನಸಮುದ್ರದಲ್ಲಿ ಕಾವೇರಿ ಬೀಳೋದು ಯಾಕೆ, ಇಷ್ಟು ಮುದಿ ನೆಲದಲ್ಲಿ ಹರೆಯದ ನದಿಗಳ ಥರ ಕಡಿದಾದ ಕಮರಿ ಯಾಕೆ? ಅವರ ಉತ್ತರ: ಈ ನೆಲ ಒಂದ್ಸಲ ಸವೆದು ಹೆಚ್ಚು ಕಮ್ಮಿ ಸಮ ಆಗಿತ್ತು, ಆಮೇಲೆ ನಿಯೋಜೀನ್ ಅನ್ನೋ ಕಾಲಘಟ್ಟದಲ್ಲಿ, ಅಂದ್ರೆ ಸುಮಾರು 2.3 ಕೋಟಿ ವರ್ಷದಿಂದ ಈಚೆಗೆ, ಮತ್ತೆ ಮೇಲೆದ್ದಿದೆ. ಎದ್ದ ನೆಲದ ಮೇಲೆ ನದಿಗಳು ಹೊಸದಾಗಿ ಕೊರೆಯೋಕೆ ಶುರು ಮಾಡಿವೆ.

ಅದೇ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರಿನ ಕಿಲ್ಲಾರಿಯಲ್ಲಿ ಭೂಕಂಪ ಆಯ್ತು. ಕಿಲ್ಲಾರಿ ರಾಧಾಕೃಷ್ಣರ ವಾದಕ್ಕೆ ಸಾಕ್ಷಿ ಅಂತ ಹೇಳೋಕೆ ಬರಲ್ಲ, ನೆಲ ಅಲ್ಲಾಡಿದ ಮಾತ್ರಕ್ಕೆ ಬೆಟ್ಟ ಎದ್ದಿದೆ ಅಂತಲ್ಲ. ಆದ್ರೆ ‘ದಕ್ಷಿಣದ ನೆಲ ಸ್ಥಿರ’ ಅನ್ನೋ ನಂಬಿಕೆ ಅವತ್ತಿಗೆ ಬಿದ್ದುಹೋಯ್ತು.

ನೆಲ ಮಡಿಸ್ಕೊಳ್ಳದೇ ಬೆಟ್ಟ ಆಗೋದು ಹೇಗೆ

ಬೆಟ್ಟ ಆಗೋದು ಹೇಗೆ ಅನ್ನೋದಕ್ಕೇ ಭೂವಿಜ್ಞಾನದಲ್ಲಿ ಉದ್ದ ಚರಿತ್ರೆ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಆಸ್ಟ್ರಿಯಾದ ಎಡುವರ್ಡ್ ಸ್ಯೂಸ್, ಗೊಂಡ್ವಾನಾ ಖಂಡಕ್ಕೆ ನಮ್ಮ ಗೊಂಡರ ನಾಡಿನ ಹೆಸರಿಟ್ಟ ಮನುಷ್ಯ, ಭೂಮಿ ತಣ್ಣಗಾಗ್ತಾ ಕುಗ್ಗತ್ತೆ, ಮೇಲಿನ ಸಿಪ್ಪೆ ಸುಕ್ಕುಗಟ್ಟತ್ತೆ, ಆ ಸುಕ್ಕೇ ಪರ್ವತ ಅಂತಿದ್ರು. ಬುಟ್ಟಿಯಲ್ಲಿ ಮರೆತುಬಿಟ್ಟ ಕಿತ್ತಳೆ ಹಣ್ಣು ಒಣಗಿದಾಗ ಆಗತ್ತಲ್ಲ, ಹಾಗೆ ಅಂದ್ಕೊಳ್ಳಿ. 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಇಲ್ಲ, ಖಂಡಗಳೇ ಸರಿದಾಡ್ತವೆ ಅಂದಾಗ ಜಾಸ್ತಿ ಜನ ಒಪ್ಪಲಿಲ್ಲ, ಒಪ್ಪೋಕೆ ಅರವತ್ತರ ದಶಕದವರೆಗೆ ಕಾಯಬೇಕಾಯ್ತು. ಹಿಮಾಲಯ ಆಗಿದ್ದು ಹೀಗೆ, ಭಾರತ ಹೋಗಿ ಏಷ್ಯಾಗೆ ಗುದ್ದಿ ಸುಮಾರು 5 ಕೋಟಿ ವರ್ಷ ಆಯ್ತು, ಗುದ್ದಿದ ಜಾಗದಲ್ಲಿ ನೆಲ ಮಡಿಸ್ಕೊಂಡು ಮೇಲೆ ಹೋಯ್ತು, ಇನ್ನೂ ಹೋಗ್ತಿದೆ.

ಪಶ್ಚಿಮಘಟ್ಟ ಆ ಥರದ್ದಲ್ಲ. ಇಲ್ಲಿ ಯಾರೂ ಯಾರಿಗೂ ಗುದ್ದಿಲ್ಲ, ಬದಲಿಗೆ ಬಿಟ್ಟು ಹೋಗಿದ್ದಾರೆ. ಸುಮಾರು 9 ಕೋಟಿ ವರ್ಷದ ಹಿಂದೆ ನಮ್ಮ ಪಶ್ಚಿಮಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಹರಿದು ಬೇರೆಯಾಯ್ತು. ಮಲ್ಪೆ ಹತ್ರ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿ ಕಂಬ ಕಂಬವಾಗಿ ನಿಂತಿರೋ ಕಲ್ಲಿನ ಮುಂದೆ ಎಲ್ಲರೂ ಫೋಟೋ ತಗೋತಾರಲ್ಲ, ಅದು ಆ ಹರಿದುಹೋದ ಸಮಯದ್ದೇ ಲಾವಾ. ಹರಿದ ಅಂಚು ಎತ್ತರದಲ್ಲಿ ನಿಂತ್ಕೊಂಡ್ತು, ಅದರ ಮುಂದಿನ ಭಾಗ ಸಮುದ್ರದ ಕಡೆ ಇಳೀತು. ಹಾಗಾಗಿ ನಮ್ಮ ಘಟ್ಟ ಅಂದ್ರೆ ಸರಿಯಾಗಿ ಹೇಳ್ಬೇಕಂದ್ರೆ ಬೆಟ್ಟಸಾಲಲ್ಲ, ಒಂದು ದೊಡ್ಡ ಮೇಜಿನ ಅಂಚು. ಮೈಸೂರಿಂದ ಕುಶಾಲನಗರದ ಮೇಲೆ ಮಡಿಕೇರಿಗೆ ಬರೋವಾಗ ಏರು ಸೌಮ್ಯ, ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯೋವಾಗ ಕಿವಿ ಕಟ್ಟತ್ತೆ, ಅದಕ್ಕೆ ಕಾರಣ ಇದೇ.

ಕಾವೇರಿಯನ್ನೇ ನೋಡಿ. ತಲಕಾವೇರಿಯಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದ್ರೆ ಅರಬ್ಬೀ ಸಮುದ್ರ ಅರವತ್ತು ಕಿಲೋಮೀಟರೂ ಇಲ್ಲ. ಆ ನೀರು ಮಾತ್ರ ಬೆನ್ನು ತಿರುಗಿಸ್ಕೊಂಡು 800 ಕಿಲೋಮೀಟರ್ ಪೂರ್ವಕ್ಕೆ ಹೋಗಿ ಬಂಗಾಳ ಕೊಲ್ಲಿ ಸೇರತ್ತೆ. ಮೇಜು ಪೂರ್ವಕ್ಕೆ ವಾಲಿದೆ, ಅಷ್ಟೇ. ಅಂಚಿನ ಆಚೆ ಬದಿಗೆ ಬಿದ್ದ ನೀರು, ಪಯಸ್ವಿನಿ, ಬರಪೊಳೆ, ಇವೆಲ್ಲ ಪಶ್ಚಿಮಕ್ಕೆ ಓಡ್ತವೆ, ದಾರಿ ಗಿಡ್ಡ, ಇಳಿಜಾರು ಜೋರು, ಅದಕ್ಕೆ ಕೊರೆಯೋ ಶಕ್ತಿಯೂ ಜಾಸ್ತಿ.

ಇನ್ನು ಗುದ್ದದೇ ನೆಲ ಮೇಲೇಳೋದು ಹೇಗೆ? ಕಾಫಿ ಮೂಟೆ ಪೇರಿಸಿದ ಪಿಕಪ್ ಗಾಡಿಯನ್ನ ಕಣ್ಣ ಮುಂದೆ ತನ್ನಿ. ಭಾರಕ್ಕೆ ಹಿಂದುಗಡೆ ಕೂತಿರತ್ತೆ, ಒಂದೊಂದೇ ಮೂಟೆ ಇಳಿಸ್ತಾ ಬಂದ್ರೆ ಗಾಡಿ ತಾನಾಗೇ ಮೇಲಕ್ಕೆ ಬರತ್ತೆ. ಭೂಮಿಯ ಹೊರಪದರವೂ ಕೆಳಗಿನ ಬಿಸಿ, ನಿಧಾನಕ್ಕೆ ಹರಿಯೋ ಪದರದ ಮೇಲೆ ಹಾಗೇ ಕೂತಿದೆ. ಮಳೆ, ಹೊಳೆ ಸೇರಿ ಅಂಚಿನ ಮಣ್ಣುಕಲ್ಲು ತೊಳ್ಕೊಂಡು ಹೋದ ಹಾಗೆ ಭಾರ ಕಮ್ಮಿಯಾಗಿ ನೆಲ ಚೂರು ಚೂರು ಏಳತ್ತೆ. ಇದರ ಜೊತೆಗೆ ಹಿಮಾಲಯದಲ್ಲಿ ಗುದ್ದಾಟ ಇನ್ನೂ ನಿಂತಿಲ್ಲದೇ ಇರೋದ್ರಿಂದ ಅದರ ಒತ್ತಡ ಹಿಂದಕ್ಕೆ ಇಲ್ಲಿವರೆಗೂ ಬಂದು ನೆಲವನ್ನ ಉಬ್ಬಿಸತ್ತೆ ಅನ್ನೋರೂ ಇದ್ದಾರೆ. ಕುಮಾವೂನ್ ಹಿಮಾಲಯವನ್ನ ಜೀವನಪೂರ್ತಿ ನಡೆದು ಅಭ್ಯಾಸ ಮಾಡಿದ ಕೆ.ಎಸ್. ವಾಲ್ದಿಯಾ ಬೆಂಗಳೂರಿಗೆ ಬಂದಮೇಲೆ ಮೈಸೂರು ಪ್ರಸ್ಥಭೂಮಿ ನೋಡಿ 2001ರಲ್ಲಿ ಬರೆದಿದ್ದೂ ಹೆಚ್ಚು ಕಮ್ಮಿ ಇದೇ ದಿಕ್ಕಲ್ಲಿ, ಈ ನೆಲ ಮತ್ತೆ ಚುರುಕಾಗಿದೆ ಅಂತ.

ಒಪ್ಪದವರು ಏನಂತಾರೆ

ಇನ್ನೊಂದು ಪಂಗಡ ಹೇಳೋದು ಹೀಗೆ. ಹೊಸದಾಗಿ ಏನೂ ಎದ್ದಿಲ್ಲ, ಮಡಗಾಸ್ಕರ್ ಬಿಟ್ಟು ಹೋದಾಗ ನಿಂತ ಅಂಚೇ ಇವತ್ತಿನವರೆಗೂ ನಿಂತಿರೋದು, ಸವೀತಾ ಸವೀತಾ ಸ್ವಲ್ಪ ಪೂರ್ವಕ್ಕೆ ಸರಿದಿರಬಹುದು ಅಷ್ಟೇ. ಆಫ್ರಿಕಾದ ದಕ್ಷಿಣದಲ್ಲಿ, ಆಸ್ಟ್ರೇಲಿಯಾದ ಪೂರ್ವದಲ್ಲಿ ಇಂಥವೇ ಅಂಚುಗಳಿವೆ, ಅಲ್ಲೂ ಖಂಡ ಹರಿದ ಕತೆಯೇ. ಕರ್ನಾಟಕದ ಘಟ್ಟಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಫ್ರಾನ್ಸಿನ ಯಾನಿ ಗುನೆಲ್ ಈ ಕಡೆಯವರು. ಈಚೆಗೆ ಮ್ಯಾಂಗನೀಸ್ ಖನಿಜಗಳ ವಯಸ್ಸು ಅಳೆದು ನೋಡಿದಾಗಲೂ ಘಟ್ಟದ ಅಂಚು 4.7 ಕೋಟಿ ವರ್ಷಕ್ಕೂ ಮುಂಚೇನೇ ಇತ್ತು ಅನ್ನೋ ಕಡೆಗೇ ಲೆಕ್ಕ ವಾಲಿದೆ, ಅದು ರಾಧಾಕೃಷ್ಣರು ಹೇಳಿದ ಕಾಲಕ್ಕಿಂತ ತುಂಬಾ ಹಿಂದೆ.

ನನಗೆ ಈ ಕತೆಯಲ್ಲಿ ಇಷ್ಟ ಆಗೋ ಭಾಗ ಇದು: 2001ರಲ್ಲಿ ಸಹ್ಯಾದ್ರಿ ಹೇಗಾಯ್ತು ಅನ್ನೋದರ ಬಗ್ಗೆ ಎರಡು ದಪ್ಪ ಸಂಪುಟ ಬಂತು, ಎಲ್ಲ ಪಂಗಡದವರ ಲೇಖನಗಳೂ ಅದರಲ್ಲಿವೆ, ಸಂಪಾದಕರು ಇಬ್ಬರು, ಒಬ್ರು ಗುನೆಲ್, ಇನ್ನೊಬ್ರು ಎಂಬತ್ತಮೂರು ವರ್ಷದ ರಾಧಾಕೃಷ್ಣ. ತಮ್ಮ ವಾದಕ್ಕೆ ಒಪ್ಪದವರ ಜೊತೆ ಕೂತು ಪುಸ್ತಕ ಮಾಡೋಷ್ಟು ತಾಳ್ಮೆ ನಮ್ಮ ಟಿವಿ ಡಿಬೇಟಿನವರಿಗೆ ಎಲ್ಲಿಂದ ಬರಬೇಕು.

ಜಗಳ ಪೂರ್ತಿ ತೀರ್ಮಾನ ಆಗಿಲ್ಲ. ಅಂಚು ಹಳೇದೇ, ಆದ್ರೆ ಆಮೇಲೂ ಅಲ್ಲಲ್ಲಿ ಸ್ವಲ್ಪ ಎದ್ದಿದೆ ಅನ್ನೋ ನಡುದಾರಿಯೂ ಇದೆ, ಅದೇ ಸರಿ ಇರಬಹುದು ಅಂತ ಕಾಣತ್ತೆ. ಆದ್ರೆ ಮಡಿಕೇರಿಯಲ್ಲಿ ಮನೆ ಕಟ್ಟೋರಿಗೆ ಈ ಜಗಳದಲ್ಲಿ ಯಾರು ಗೆದ್ರೂ ವ್ಯತ್ಯಾಸ ಇಲ್ಲ, ಯಾಕಂತ ನೋಡೋಣ.

ಒಂದು ಕಾಳುಮೆಣಸಿನ ಲೆಕ್ಕ

ರಾಧಾಕೃಷ್ಣ ಹೇಳಿದ್ದೇ ಸರಿ ಅಂತ ಇಟ್ಕೊಳ್ಳಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಷ್ಟೂ ಎತ್ತರ ಆ 2.3 ಕೋಟಿ ವರ್ಷದಲ್ಲೇ ಬಂತು ಅಂತ ಉದಾರವಾಗಿ ಲೆಕ್ಕ ಹಾಕಿದ್ರೂ ವರ್ಷಕ್ಕೆ ಬರೋದು 0.05 ಮಿಲಿಮೀಟರ್. ಎಂಬತ್ತು ವರ್ಷ ಬದುಕಿದವರ ಜೀವಮಾನದಲ್ಲಿ ಬೆಟ್ಟ ಎದ್ದಿರೋದು 4 ಮಿಲಿಮೀಟರ್, ಒಂದು ಕಾಳುಮೆಣಸಿನಷ್ಟು. ಇಲ್ಲ, ಅದು ತುಂಬಾ ನಿಧಾನ, ಕಡೇ 50 ಲಕ್ಷ ವರ್ಷದಲ್ಲೇ ಎಲ್ಲ ಎದ್ದಿದ್ದು ಅಂತ ಹಟ ಹಿಡಿದ್ರೂ ಎಂಬತ್ತು ವರ್ಷಕ್ಕೆ 18 ಮಿಲಿಮೀಟರ್ ಆಗತ್ತೆ, ಕಾಫಿ ಹಣ್ಣಿಗಿಂತ ಚೂರು ದಪ್ಪ.

ಈಗ ಇನ್ನೊಂದು ಕಡೆ ನೋಡಿ. ಇಳಿಜಾರಲ್ಲಿ ಮನೆಗೋ ಹೋಂಸ್ಟೇಗೋ ಜಾಗ ಸಮ ಮಾಡೋಕೆ ಜೆಸಿಬಿ ಬರತ್ತೆ, ಒಂದೆರಡು ದಿನದಲ್ಲಿ 20 ಅಡಿ ಬರೆ ನೇರಕ್ಕೆ ಕಡಿದು ಹೋಗತ್ತೆ. ಮೊದಲನೇ ಲೆಕ್ಕದ ಪ್ರಕಾರ 20 ಅಡಿ ಏಳೋಕೆ ಬೆಟ್ಟಕ್ಕೆ 1 ಲಕ್ಷ 20 ಸಾವಿರ ವರ್ಷ ಬೇಕು. ಬೆಟ್ಟ ಏಳ್ತಿರೋದ್ರಿಂದ ಬರೆ ಕುಸೀತು ಅನ್ನೋ ಮಾತಿನ ತೂಕ ಎಷ್ಟು ಅಂತ ಇದ್ರಲ್ಲೇ ಗೊತ್ತಾಗತ್ತೆ. ಲಕ್ಷ ವರ್ಷದ ಕೆಲಸವನ್ನ ಎರಡು ದಿನದಲ್ಲಿ ಮಾಡಿ, ತಪ್ಪು ಲಕ್ಷ ವರ್ಷದ್ದು ಅಂತ ಹೇಳಿದ ಹಾಗಾಯ್ತು.

ಹಾಗಂತ ಬೆಟ್ಟದ ಹುಟ್ಟಿಗೂ ಕುಸಿತಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ನೆಲ ಎತ್ತರದಲ್ಲಿ ಇರೋದ್ರಿಂದಲೇ ಹೊಳೆ ಕೊರೆಯತ್ತೆ, ಕೊರೆದಿದ್ದಕ್ಕೇ ಇಳಿಜಾರು ಕಡಿದಾಗಿದೆ, ಎತ್ತರ ಇರೋದ್ರಿಂದಲೇ ಮುಂಗಾರು ಮೋಡ ಇಲ್ಲಿ ತಡೆದು ಸುರಿಯತ್ತೆ. ವೇದಿಕೆ ಹಾಕಿಕೊಟ್ಟಿದ್ದು ಬೆಟ್ಟವೇ.

ಹಾಗಾದ್ರೆ ಕಂಪನ?

2018ರ ಜುಲೈ 9ಕ್ಕೆ ಕೊಡಗಲ್ಲಿ ಭೂಮಿ ಕಂಪಿಸಿತ್ತು, ತೀವ್ರತೆ 3.4. ಐದು ವಾರ ಕಳೆದು ಆಗಸ್ಟ್ 16, 17ರ ಸುಮಾರಿಗೆ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಮದೆನಾಡು, ಜೋಡುಪಾಲ ಕಡೆ ಬೆಟ್ಟ ಜಾರಿತು. ಮೊದಲು ಅದು, ಆಮೇಲೆ ಇದು, ಹಾಗಾಗಿ ಅದರಿಂದಲೇ ಇದು ಅನ್ನೋ ತರ್ಕ ಜನಕ್ಕೆ ಸಹಜವಾಗೇ ಬಂತು. ಅವತ್ತು ಮನೆಯ ಸಾಮಾನೆಲ್ಲ ನಡುಗಿದ್ದನ್ನ ಕಂಡವರು ಹಾಗೆ ಅಂದ್ಕೊಂಡ್ರೆ ತಪ್ಪು ಅನ್ನೋಕೂ ಆಗಲ್ಲ.

ಆದ್ರೆ ಲೆಕ್ಕ ಕೂಡಲ್ಲ. ಭೂಕಂಪದ ತೀವ್ರತೆಯ ಒಂದೊಂದು ಅಂಕೆ ಏರಿದ್ರೆ ಶಕ್ತಿ ಸುಮಾರು 32 ಪಟ್ಟು ಜಾಸ್ತಿ ಆಗತ್ತೆ. 2001ರ ಭುಜ್ ಭೂಕಂಪ 7.7. ಅದರ ಮುಂದೆ 3.4 ಅಂದ್ರೆ ಸುಮಾರು 28 ಲಕ್ಷದಲ್ಲಿ ಒಂದು ಪಾಲು. ಡೇವಿಡ್ ಕೀಫರ್ ಅನ್ನೋರು 1984ರಲ್ಲಿ ಪ್ರಪಂಚದ 40 ಭೂಕಂಪಗಳನ್ನ ನೋಡಿ, ಬೆಟ್ಟ ಜಾರಿಸೋಕೆ ಕಮ್ಮಿ ಅಂದ್ರೂ 4ರ ಆಸುಪಾಸು ತೀವ್ರತೆ ಬೇಕು ಅಂತ ಕಂಡುಕೊಂಡಿದ್ರು. ನಡುವೆ ಐದು ವಾರದ ಅಂತರ ಬೇರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಅಂದ್ರೆ ಜಿಎಸ್ಐನವರು ಬಂದು ನೋಡಿ ಬೊಟ್ಟು ಮಾಡಿದ್ದೂ ಭಾರಿ ಮಳೆ ಮತ್ತೆ ಇಳಿಜಾರನ್ನ ಅಡ್ಡಾದಿಡ್ಡಿ ಕಡಿದಿದ್ದರ ಕಡೆಗೇ.

2022ರ ಜೂನ್ ಕೊನೇ ವಾರದಲ್ಲಿ ಚೆಂಬು, ಕರಿಕೆ, ಸಂಪಾಜೆ, ಸುಳ್ಯದ ಗಡಿಯಲ್ಲಿ ಮೇಲಿಂದ ಮೇಲೆ ಕಂಪನ ಆಯ್ತಲ್ಲ, ಅದರಲ್ಲಿ ಜೂನ್ 28ರದ್ದು 3.0. ಗುಡುಗಿದ ಹಾಗೆ ಶಬ್ದ ಬಂತು ಅಂತ ಜನ ಹೇಳಿದ್ರು. ಸಣ್ಣ ಕಂಪನ ಮೇಲ್ಮೈಗೆ ಹತ್ರದಲ್ಲಾದ್ರೆ ಹಾಗೆ ಕೇಳಿಸೋದು ಸಾಮಾನ್ಯ. ಮುಂಗಾರಿನ ನೀರು ಕಲ್ಲಿನ ಹಳೇ ಸಂದುಗಳಲ್ಲಿ ಇಳಿದು ಒತ್ತಡ ಏರಿಸಿದಾಗ ಆಗಲೇ ಬಿಗಿದುಕೊಂಡಿರೋ ಕಡೆ ಚೂರು ಜಾರೋದು ದಕ್ಷಿಣ ಭಾರತದ ಬೇರೆ ಕಡೆಯೂ ಕಂಡಿರೋದೇ, ಅದು ಒಂದು ವಿವರಣೆ. ಇಲ್ಲೂ ಗಮನಿಸಿ, ಮಳೆ ಕಂಪನಕ್ಕೆ ಕಾರಣ ಆಗಬಹುದು, ಆ ಕಂಪನ ಕುಸಿತಕ್ಕೆ ಕಾರಣ ಆಗೋಷ್ಟು ದೊಡ್ಡದಲ್ಲ.

ಬರೆಯೊಳಗೆ ಆಗೋದೇನು

ಮಡಿಕೇರಿ ಸುತ್ತಮುತ್ತ ಎಲ್ಲೇ ಹೊಸದಾಗಿ ಕಡಿದ ಬರೆ ಮುಂದೆ ನಿಂತು ಮೇಲಿಂದ ಕೆಳಗೆ ನೋಡ್ಕೊಂಡು ಬನ್ನಿ. ಮೇಲೆ ಒಂದಡಿ ಕಪ್ಪು ಮಣ್ಣು, ಬೇರುಗಳು. ಅದರ ಕೆಳಗೆ ಕೆಂಪು ಮಣ್ಣು, ಕೆಲವು ಕಡೆ ಮುರಕಲ್ಲು. ಇನ್ನೂ ಕೆಳಗೆ ಬಿಳಿ, ತಿಳಿ ಗುಲಾಬಿ, ಅಲ್ಲಲ್ಲಿ ನೇರಳೆ ಬಣ್ಣದ ನುಣುಪಾದ ಮಣ್ಣು, ಘಟ್ಟದ ಕೆಳಗಿನವರು ಶೇಡಿ ಮಣ್ಣು ಅಂತಾರಲ್ಲ, ಆ ಜಾತಿ. ಬೆರಳಲ್ಲಿ ಉಜ್ಜಿದ್ರೆ ಪೌಡರ್ ಥರ. ಕಣ್ಣಿಟ್ಟು ನೋಡಿದ್ರೆ ಅದರಲ್ಲಿ ಕಲ್ಲಿನ ಗೆರೆಗಳು ಹಾಗ್ಹಾಗೇ ಕಾಣತ್ತೆ, ಯಾಕಂದ್ರೆ ಅದು ಕಲ್ಲೇ, ಕೂತಲ್ಲೇ ಕೊಳೆತಿರೋದು. 300 ಕೋಟಿ ವರ್ಷದ ಗಟ್ಟಿ ಚಾರ್ನೊಕೈಟೂ ಲಕ್ಷಾಂತರ ವರ್ಷ ಬಿಸಿಲು ಮಳೆ ತಿಂದು ಹಿಟ್ಟಾಗಿದೆ. ಕೆಲವು ಕಡೆ ಈ ಹಿಟ್ಟಿನ ಪದರ ಹತ್ತಾರು ಮೀಟರ್ ದಪ್ಪ, ಅದರ ಕೆಳಗೆ ಹೋದ್ರೇನೇ ನಿಜವಾದ ಬಂಡೆ. ನಮ್ಮ ಬೆಟ್ಟ ಗಟ್ಟಿ ಕಲ್ಲು ಅನ್ನೋ ಮೊದಲ ಮೆಸೇಜ್ ಸೋಲೋದು ಇಲ್ಲಿ. ಕಲ್ಲು ಗಟ್ಟಿ ಇರೋದು ಹೌದು, ಆದ್ರೆ ನಾವು ಮನೆ ಕಟ್ಟಿರೋದು ಕಲ್ಲಿನ ಮೇಲಲ್ಲ.

ಒಣಗಿದ್ದಾಗ ಈ ಮಣ್ಣು ಎಷ್ಟು ಗಟ್ಟಿ ಅಂದ್ರೆ ನೇರಕ್ಕೆ ಕಡಿದ್ರೂ ಗೋಡೆ ಥರ ನಿಲ್ಲತ್ತೆ, ಬೇಸಿಗೆಯಲ್ಲಿ ನೋಡಿದ ಮೇಸ್ತ್ರಿ ‘ಏನೂ ಆಗಲ್ಲ ಸಾರ್, ಕಲ್ಲಿದ್ದ ಹಾಗಿದೆ’ ಅಂತಾರೆ. ಮಳೆಗಾಲ ಬಂದು ವಾರಗಟ್ಟಲೆ ನೀರು ಕುಡಿದಾಗ ಮೂರು ಕೆಲಸ ಒಟ್ಟೊಟ್ಟಿಗೆ ಆಗತ್ತೆ. ಮಣ್ಣಿನ ಭಾರ ಏರತ್ತೆ, ಕಣಗಳ ನಡುವೆ ತುಂಬಿದ ನೀರು ಅವನ್ನ ಒಂದಕ್ಕೊಂದು ದೂರ ತಳ್ಳಿ ಹಿಡಿತ ಸಡಿಲ ಮಾಡತ್ತೆ, ಕೆಳಗೆ ಇಳಿದ ನೀರು ಬಂಡೆ ಮೇಲೆ ತಡೆದು ನಿಂತು ಅಲ್ಲೊಂದು ಜಾರುಬಂಡೆ ಆಗತ್ತೆ. ಆಗ ಬೆಟ್ಟವನ್ನ ಹಿಡಿದು ನಿಲ್ಲಿಸಿರೋದು ಬುಡದ ಮಣ್ಣು ಒಂದೇ. ಆ ಬುಡವನ್ನೇ ರಸ್ತೆಗೋ ಸೈಟಿಗೋ ಅಂತ ಮಾರ್ಚಲ್ಲೇ ಕಡಿದು ಸಾಗಿಸಿ ಆಗಿರತ್ತೆ.

2018ರಲ್ಲಿ ಪೇಪರಲ್ಲೆಲ್ಲ ‘ಜಲಸ್ಫೋಟ’ ಅಂತ ಬಂತು. ಬೆಟ್ಟದೊಳಗೆ ಬಾಂಬ್ ಥರ ಏನೋ ಸಿಡೀತು ಅಂತ ಅರ್ಥ ಕೊಡೋ ಆ ಪದದಿಂದ ಆದ ಗೊಂದಲ ಸಣ್ಣದಲ್ಲ. ಒಳಗೆ ಸೇರಿಕೊಂಡ ನೀರು ಹೊರಗೆ ಬರೋಕೆ ದಾರಿ ಸಿಗದೇ ಒತ್ತಿ, ಕಡೆಗೆ ಬಲ ಕಮ್ಮಿ ಇರೋ ಜಾಗ ಒಡ್ಕೊಂಡು ಮಣ್ಣು ಸಮೇತ ನುಗ್ಗಿದ್ದು ಅದು. ಅದಕ್ಕೆ ಮುಂಚೆ ಹಲವು ಸಲ ಸೂಚನೆ ಇರತ್ತೆ, ತೋಡಿನ ನೀರು ಇದ್ದಕ್ಕಿದ್ದ ಹಾಗೆ ಕೆಂಪಾಗೋದು, ಇಲ್ಲಾ ಜೋರು ಮಳೆಯಲ್ಲೂ ತೋಡು ಬತ್ತಿದ ಹಾಗಾಗೋದು, ಅಂಗಳದಲ್ಲಿ ಬಿರುಕು, ಬಾಗಿಲು ಕಿಟಕಿ ಬಿಗಿಯಾಗೋದು, ಮರ ವಾಲೋದು.

ಮರ ಇದ್ದಿದ್ರೆ ಕುಸೀತಿರ್ಲಿಲ್ಲ, ಕಾಡುಮರ ಕಡಿದು ಸಿಲ್ವರ್ ಓಕ್ ಹಾಕಿದ್ದೇ ತಪ್ಪು ಅನ್ನೋ ವಾದವೂ ಇದೆ. ಅರ್ಧ ಒಪ್ಪಬಹುದು. ಮರದ ಬೇರು ಮೇಲಿನ ಒಂದೆರಡು ಮೀಟರ್ ಮಣ್ಣನ್ನ ಚೆನ್ನಾಗಿ ಹಿಡಿದಿಡತ್ತೆ, ಸಣ್ಣ ಬರೆ ಕುಸಿತ ತಡೆಯೋಕೆ ಅದು ಬೇಕೇ ಬೇಕು. ಜಾರೋ ಪದರ ಅದಕ್ಕಿಂತ ಕೆಳಗಿದ್ರೆ ಮಾತ್ರ ಮರಗಳೂ ನಿಂತ ಹಾಗೇ ಬೆಟ್ಟದ ಜೊತೆ ಇಳಿದು ಬರ್ತವೆ, 2018ರ ಫೋಟೋಗಳಲ್ಲಿ ಅದನ್ನೂ ನೋಡಿದೀವಿ. 2020ರ ಆಗಸ್ಟಲ್ಲಿ ತಲಕಾವೇರಿಯಲ್ಲಿ ಬೆಟ್ಟ ಜಾರಿದ ಜಾಗ ಹೋಂಸ್ಟೇ ಸಾಲಲ್ಲ, ಕಾಡಿನ ಮಗ್ಗುಲೇ. ಎಲ್ಲ ತಪ್ಪನ್ನೂ ಜೆಸಿಬಿ ಮೇಲೆ ಹಾಕಿ ಕೈ ತೊಳ್ಕೊಳ್ಳೋಕೂ ಆಗಲ್ಲ ಅನ್ನೋದು ಇದಕ್ಕೇ.

ಯಾವ ಕಾರಣ ಒಪ್ತೀವೋ ಆ ಪರಿಹಾರ

ಇದೆಲ್ಲ ಬರೀ ಓದೋಕೆ ಚೆಂದ ಇರೋ ವಿಷಯ ಅಲ್ಲ, ಕಾರಣ ಯಾವುದು ಅಂತ ಒಪ್ಕೊಂಡ ಮೇಲೆ ದುಡ್ಡು, ಕಾನೂನು ಎಲ್ಲ ಆ ಕಡೆ ತಿರುಗತ್ತೆ. ಬೆಟ್ಟ ತಾನಾಗೇ ಏಳ್ತಿದೆ, ಕಂಪಿಸ್ತಿದೆ ಅಂದ್ರೆ ಯಾರೂ ಹೊಣೆ ಅಲ್ಲ, ಪರಿಹಾರದ ಚೆಕ್ ಕೊಟ್ಟು ಫೈಲ್ ಮುಚ್ಚಬಹುದು. ಭೂಪರಿವರ್ತನೆ, ರಸ್ತೆ ಅಗಲೀಕರಣ, ರೆಸಾರ್ಟ್ ಅಂದ್ರೆ ಅನುಮತಿ ಕೊಟ್ಟವರ ಹೆಸರು ಬರತ್ತೆ. ಮೊದಲನೇ ವಿವರಣೆ ಯಾಕೆ ಅಷ್ಟು ಬೇಗ ಹರಡತ್ತೆ ಅನ್ನೋದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ವಯನಾಡಿನ ಕುಸಿತ ಆದ ಮಾರನೇ ದಿನ, 2024ರ ಜುಲೈ 31ಕ್ಕೆ, ಕೇಂದ್ರ ಸರ್ಕಾರ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನ ಆರನೇ ಸಲ ಹೊರಡಿಸ್ತು, ಕರ್ನಾಟಕದ್ದೇ ಅದರಲ್ಲಿ 20,668 ಚದರ ಕಿಲೋಮೀಟರ್. ಸೆಪ್ಟೆಂಬರಲ್ಲಿ ರಾಜ್ಯ ಸಂಪುಟ ಆ ಪ್ರದೇಶದ ಗೆರೆಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನ ತಿರಸ್ಕರಿಸ್ತು. ತೋಟದವರ ಭಯ ಸುಳ್ಳಲ್ಲ, ಒಂದು ಗ್ರಾಮವನ್ನ ಇಡಿಯಾಗಿ ಗೆರೆ ಒಳಗೆ ಹಾಕಿದ್ರೆ ಗದ್ದೆ ಬಯಲಲ್ಲಿರೋನಿಗೂ ಬೆಟ್ಟದ ನೆತ್ತಿ ಕಡಿಯೋನಿಗೂ ಒಂದೇ ನಿಯಮ ಆಗತ್ತೆ. ಪರಿಸರದವರು ಹೇಳೋದೂ ಸುಳ್ಳಲ್ಲ, ಗೆರೆಯೇ ಬೇಡ ಅಂದ್ರೆ ನೆತ್ತಿ ಕಡಿಯೋನನ್ನ ಕೇಳೋರೇ ಇಲ್ಲ. ನನ್ನ ಪ್ರಕಾರ ಇಬ್ಬರೂ ತಪ್ಪು ನಕ್ಷೆ ಮೇಲೆ ಜಗಳ ಆಡ್ತಿದ್ದಾರೆ. ಕಾಡು, ಪ್ರಾಣಿ, ಜೀವವೈವಿಧ್ಯಕ್ಕೆ ಬರೆದ ಗೆರೆ ಇಳಿಜಾರಿನ ಅಪಾಯ ತೋರಿಸಲ್ಲ, ಅದಕ್ಕೆ ಬೇರೆ ನಕ್ಷೆ ಬೇಕು.

ಆ ನಕ್ಷೆ ಇಲ್ಲ ಅಂತಲ್ಲ. ಜಿಎಸ್ಐ ದೇಶದ ಬೆಟ್ಟ ಪ್ರದೇಶಗಳಿಗೆಲ್ಲ ಭೂಕುಸಿತ ಸಾಧ್ಯತೆಯ ನಕ್ಷೆ ಮಾಡಿದೆ. ಅದರ ಅಳತೆ 50,000ಕ್ಕೆ 1, ಅಂದ್ರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ಯಾವ ತಾಲ್ಲೂಕು, ಯಾವ ಬೆಟ್ಟಸಾಲು ಅಂತ ತಿಳ್ಕೊಳ್ಳೋಕೆ ಇದು ಸಾಕು. 30-40ರ ಸೈಟ್ ಮಾತ್ರ ಆ ನಕ್ಷೆಯಲ್ಲಿ 0.2 ಮಿಲಿಮೀಟರ್ ಚುಕ್ಕಿ, ಪೆನ್ನಿನ ಮೊನೆ ಇಟ್ರೆ ಇಡೀ ಸೈಟ್ ಮುಚ್ಚಿಹೋಗತ್ತೆ. ಅದನ್ನ ಮೇಜಿನ ಮೇಲೆ ಹರಡ್ಕೊಂಡು ಈ ಬರೆ ಕಡೀಬಹುದು, ಆ ಬರೆ ಕಡೀಬಾರದು ಅಂತ ಹೇಳೋಕೆ ಪಂಚಾಯ್ತಿ ಪಿಡಿಒಗೆ ಸಾಧ್ಯವೇ ಇಲ್ಲ. ಒಂದೊಂದು ಗ್ರಾಮದ ಇಳಿಜಾರು, ಮಣ್ಣಿನ ದಪ್ಪ, ತೋಡುಗಳ ದಾರಿ ಎಲ್ಲ ಗುರುತು ಮಾಡಿದ ದೊಡ್ಡ ಅಳತೆಯ ನಕ್ಷೆ ಆಗೋವರೆಗೂ ‘ವೈಜ್ಞಾನಿಕವಾಗಿ ಪರಿಶೀಲಿಸಿ ಅನುಮತಿ ಕೊಡ್ತೀವಿ’ ಅನ್ನೋ ಸರ್ಕಾರಿ ವಾಕ್ಯಕ್ಕೆ ಅರ್ಥ ಇಲ್ಲ.

ಇನ್ನೊಂದು ಬೇಕಾಗಿರೋದು ಮಳೆಯ ಲೆಕ್ಕ. ಎಷ್ಟು ದಿನದಲ್ಲಿ ಎಷ್ಟು ಮಳೆ ಬಿದ್ರೆ ಯಾವ ಕಡೆಯ ಬರೆ ಸಡಿಲ ಆಗತ್ತೆ ಅನ್ನೋ ಮಿತಿ ಗೊತ್ತಾದ್ರೆ ಮುನ್ನೆಚ್ಚರಿಕೆ ಕೊಡಬಹುದು, ಆದ್ರೆ ಕೊಡಗಲ್ಲಿ ಮಡಿಕೇರಿಯ ಮಳೆಗೂ ಕುಶಾಲನಗರದ ಮಳೆಗೂ ಮೂರು ಪಟ್ಟು ವ್ಯತ್ಯಾಸ, ಒಂದೇ ಹೋಬಳಿಯೊಳಗೂ ಬೆಟ್ಟದ ಈಚೆ ಆಚೆ ಬೇರೆ ಬೇರೆ. ಸರ್ಕಾರಿ ಮಾಪಕ ಎಷ್ಟಿದ್ರೂ ಸಾಲಲ್ಲ. ಇಲ್ಲಿ ಕೊಡಗಿಗೆ ಒಂದು ಅನುಕೂಲ ಇದೆ. ಮಿಲಿಮೀಟರ್ ಗೊತ್ತಿಲ್ಲದೇ ಇರಬಹುದು, ಆದ್ರೆ ‘ನಿನ್ನೆ ನಮ್ಮಲ್ಲಿ ನಾಲ್ಕು ಇಂಚು ಇಪ್ಪತ್ತು ಸೆಂಟ್’ (ಸೆಂಟ್ ಅಂದ್ರೆ ಇಂಚಿನ ನೂರನೇ ಒಂದು ಪಾಲು) ಅಂತ ಬೆಳಗ್ಗೆ ಎದ್ದು ಫೋನಲ್ಲಿ ಹೇಳದೇ ಇರೋ ಬೆಳೆಗಾರ ಇಲ್ಲ. ಕಾಫಿ ಹೂವಿನ ಮಳೆ, ಹೂವಾದ ಮೇಲೆ ಬೇಕಾದ ಹಿಮ್ಮಳೆ ಲೆಕ್ಕಕ್ಕೆ ಅಂತ ತೋಟ ತೋಟದಲ್ಲೂ ಮಳೆ ಮಾಪಕ ಇದೆ, ದಿನಾ ಬರೆದಿಟ್ಟ ಪುಸ್ತಕಗಳಿವೆ, ಕೆಲವು ತೋಟಗಳಲ್ಲಿ ಅಜ್ಜನ ಕಾಲದ್ದು. 2018ರ ಆಗಸ್ಟ್ 14, 15, 16ರ ಪುಟ ತೆಗೆದು, ಯಾವ ತೋಟದಲ್ಲಿ ಎಷ್ಟು ಇಂಚು, ಅದರ ಕೆಳಗಿನ ಬರೆ ಎಷ್ಟೊತ್ತಿಗೆ ಬಿತ್ತು ಅಂತ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಮಿತಿ ಎಷ್ಟು ಅನ್ನೋದರ ಅಂದಾಜು ಅಲ್ಲೇ ಸಿಗೋಕೆ ಶುರುವಾಗತ್ತೆ. ಆ ಪುಸ್ತಕಗಳನ್ನ ಒಂದು ಕಡೆ ಸೇರಿಸೋಕೆ ಉಪಗ್ರಹ ಬೇಡ, ಜಿಲ್ಲಾಡಳಿತದ ಒಂದು ಸುತ್ತೋಲೆ, ಸ್ಕ್ಯಾನ್ ಮಾಡೋಕೆ ಇಬ್ಬರು ಹುಡುಗರು ಸಾಕು.